ಸಪ್ಪಳವಿಲ್ಲದ ಗಾಡಿ

ನನಗೆ ವಾದ ಮಾಡಲು ಬರುವುದಿಲ್ಲ. ಗಾಡಿ ಹೊಡೆಯಲು ಬರುತ್ತದೆ. ಏಳನೇ ಇಯತ್ತೆಗೆ ಸಾಲಿ ಬಿಟ್ಟವನು ನಾನು; ಭೂಮಿ ಯಾಕೆ ಬಿಸಿಯಾಗುತ್ತಿದೆ ಎಂದು ಕೇಳಿದರೆ ಹಿಂದಿನ ಸೀಟು ತೋರಿಸುತ್ತೇನೆ. ಅಲ್ಲಿ ಸಂಗಪ್ಪ ಕಾಕಾ ಮತ್ತು ಸಾಲಿಯಲ್ಲಿ ಕಲಿಸುವ ಅಕ್ಕೋರು ದಿನಾ ಅದನ್ನೇ ಚರ್ಚಿಸುತ್ತಾರೆ.

ಸಾರವಾಡದಿಂದ ಬಬಲೇಶ್ವರಕ್ಕೆ ನಾನು ಡೀಸೆಲ್ ಟಂಟಂ ಆಟೋ ಓಡಿಸುತ್ತಿದ್ದೆ. ಆಗ ಈ ಚರ್ಚೆ ಇರಲಿಲ್ಲ. ಗಾಡಿ ಗದ್ದಲಕ್ಕೆ ಒಬ್ಬರ ಮಾತು ಒಬ್ಬರಿಗೆ ಕೇಳಿದರೆ ತಾನೇ? ಈ ಬೇಸಿಗೆಯಲ್ಲಿ ಸಾಲ ಮಾಡಿ ಕರೆಂಟಿನ ಗಾಡಿ ತಂದೆ. ಹೊಗೆ ಇಲ್ಲ, ಸಪ್ಪಳ ಇಲ್ಲ. ಮೊದಲ ದಿನವೇ ಜಗಳ ಶುರುವಾಯಿತು.

"ಏನ್ರಿ ಅಕ್ಕೋರ, ನಮ್ಮಜ್ಜನ ಕಾಲದಾಗೂ ಬಿಸಲ ಇತ್ತು. ಅಂವೇನ್ ಟ್ರ್ಯಾಕ್ಟರ್ ಹೊಡದಿದ್ನೇನು?"

"ಇತ್ತು ಕಾಕಾ, ಈಗ ಹೆಚ್ಚಾಗೇತಿ. ನಾವು ಸುಟ್ಟ ಹೊಗಿ ಮ್ಯಾಲ ಕಂಬಳಿ ಹೊಚ್ಚಿದಂಗ ಕುಂತೈತಿ."

"ಈ ಸೆಕಿಯೊಳಗ ಕಂಬಳಿ ಯಾಂವ ಹೊಚ್ಚತಾನ್ರಿ? ಮತ್ತ ಇವನ ಗಾಡಿಗೆ ಕರೆಂಟ್ ಎಲ್ಲಿಂದ ಬರತೈತಿ? ಅಲ್ಲೂ ಕಲ್ಲಿದ್ದಲಿ ಸುಡ್ತಾರ!"

"ಗಾಳಿದೂ ಬರತೈತಿ, ಬಿಸಲಿಂದೂ ಬರತೈತಿ. ಎಲ್ಲಾ ಒಮ್ಮೆಗೇ ಆಗತೈತೇನು?"

ನನಗೆ ಅಕ್ಕೋರ ಮಾತೇ ಸರಿ ಅನಿಸಿತು. ಡೀಸೆಲ್ ಹೊಗೆ ಕುಡಿದು ಕೆಮ್ಮಿದವನು ನಾನು. ಆದರೆ ನನ್ನ ಚಿಂತೆ ಬೇರೆ. ಸಾರವಾಡದಲ್ಲೇ ಹತ್ತುವ ಅವರಿಬ್ಬರನ್ನು ಬಿಟ್ಟರೆ ಗಾಡಿಯಲ್ಲಿ ಯಾರೂ ಇರಲಿಲ್ಲ! ಖಾಲಿ ಗಾಡಿ ಓಡಿಸಿ ಸಾಲ ತೀರುವುದಿಲ್ಲ. ಹಳೆಯ ಟಂಟಂ ಇಬ್ರಾಹಿಂಪುರದ ಗ್ಯಾರೇಜಿನಲ್ಲಿ ಇನ್ನೂ ಮಾರದೆ ನಿಂತಿತ್ತು. ವಾರದೊಳಗೆ ಸೀಟು ತುಂಬದಿದ್ದರೆ ಹೊಸದನ್ನು ವಾಪಸ್ ಕೊಟ್ಟು ಮತ್ತೆ ಅದನ್ನೇ ಏರುವುದು ಎಂದುಕೊಂಡೆ.

ಅಷ್ಟರಲ್ಲಿ ಒಂದು ದಿನ, ಹಳ್ಳದ ದಿಬ್ಬದ ಆಚೆಯ ಓಣಿಯಲ್ಲಿ ಗಂಗವ್ವ ಆಯಿ ರಸ್ತೆಗೆ ಅಡ್ಡ ನಿಂತಳು. ಬಬಲೇಶ್ವರದಲ್ಲಿ ಕಾಯಿಪಲ್ಯ ಮಾರುವವಳು, ನನ್ನ ಹಳೆಯ ಗಿರಾಕಿ.

"ಯಾಕೋ ಯಪ್ಪಾ, ಗಾಡಿ ಹೊಡಿಯೂದು ಬಿಟ್ಟೇನು?"

"ದಿನಾ ಬರಾಕತ್ತೇನಿ ಆಯಿ!"

"ಸುಳ್ಳ ಹೇಳಬ್ಯಾಡ. ಹಳ್ಳದ ದಿಬ್ಬದ ಮ್ಯಾಲ ನಿನ್ನ ಗಾಡಿ ಸಪ್ಪಳ ಕೇಳಿದ್ರ ನಾವು ಕಡೀ ರೊಟ್ಟಿ ಹಂಚಿಗೆ ಹಾಕತೇವಿ. ಅದು ಬೇಯೂದರಾಗ ನೀ ಬಾಗಲಕ್ಕ ಬರ್ತಿದ್ದಿ. ಈಗ ಸಪ್ಪಳಾನೂ ಇಲ್ಲ, ನೀನೂ ಇಲ್ಲ."

ಇಡೀ ಓಣಿ ನನ್ನ ಸೈಲೆನ್ಸರಿನ ಮೇಲೆ ಅಡುಗೆ ಮಾಡುತ್ತಿತ್ತು! ನನಗೇ ಗೊತ್ತಿರಲಿಲ್ಲ. ನಾನು ಸದ್ದಿಲ್ಲದೆ ಬಂದು ಸದ್ದಿಲ್ಲದೆ ಹೋಗುತ್ತಿದ್ದೆ. ಅವರು ಒಲೆ ಮುಂದೆ ಕಿವಿಗೊಟ್ಟು ಕೂತಿರುತ್ತಿದ್ದರು. ಹಾರ್ನ್ ಹೊಡೆದು ನೋಡಿದೆ. ಯಾರೂ ಹೊರಗೆ ಬರಲಿಲ್ಲ. ದಿನವಿಡೀ ಎಲ್ಲರೂ ಹೊಡೆಯುವ ಹಾರ್ನಿಗೆ ಯಾರು ಬೆಲೆ ಕೊಡುತ್ತಾರೆ?

ಹಿಂದಿನ ಸೀಟಿನಲ್ಲಿ ಸಂಗಪ್ಪ ಕಾಕಾ ಬಿದ್ದು ಬಿದ್ದು ನಕ್ಕ. "ನೋಡ್ರಿ ಅಕ್ಕೋರ, ಸ್ವಚ್ಛ ಗಾಡಿ ಹೆಂಗ ತುಟ್ಟಿ ಬಿತ್ತು!"

ಮರುದಿನ ಬೆಳಿಗ್ಗೆ ಅವನೇ ಒಂದು ಚೀಲ ತಂದ. ಅದರಲ್ಲಿ ಎತ್ತಿನ ಗೆಜ್ಜೆಸರ. ಟ್ರ್ಯಾಕ್ಟರ್ ಬಂದ ಮೇಲೆ ಕೊಟ್ಟಿಗೆಯ ಗೂಟಕ್ಕೆ ತೂಗುಹಾಕಿದ್ದು. ನನ್ನನ್ನು ಕೇಳಲೂ ಇಲ್ಲ, ಗಾಡಿಯ ಮುಂದೆ ಬಿಗಿದು ಕಟ್ಟಿದ.

"ಕಾಕಾ, ಬಿಸಲಿಗೆ ಮನುಷ್ಯಾ ಕಾರಣ ಅಲ್ಲ ಅಂತಿದ್ರಿ, ಈಗ ಕರೆಂಟಿನ ಗಾಡಿಗೆ ನೀವ ಗೆಜ್ಜಿ ಕಟ್ಟೀರಿ?" ಅಕ್ಕೋರು ಕೆಣಕಿದರು.

"ಬಿಸಲಿಂದು ಬ್ಯಾರೆ ಮಾತು. ಗಾಡಿ ನಿಂತ್ರ ನಾ ಯಾರ ಕೂಡ ಜಗಳಾಡ್ಲಿ?"

ದಿಬ್ಬ ಇಳಿಯುವಾಗ ಗೆಜ್ಜೆ ಝಲ್ ಅಂತು. ಓಣಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ಎತ್ತು ಬಂದವೇ ಎಂದು ಮುದುಕರೂ ಹೊರಗೆ ಬಂದರು. ಸೀಟು ತುಂಬಿತು. ಅಂದೇ ಹಳೆಯ ಟಂಟಂ ಮಾರಲು ಹೇಳಿಕಳಿಸಿದೆ.

ಈಗ ಒಂದೇ ತೊಂದರೆ. ರಸ್ತೆ ನುಣ್ಣಗಿದ್ದ ಕಡೆ ಗೆಜ್ಜೆ ನುಡಿಯುವುದಿಲ್ಲ. ಗಂಗವ್ವನ ಓಣಿ ಬರುವ ಮೊದಲು, ದಿಬ್ಬದ ಇಳಿಜಾರಿನಲ್ಲಿ ಒಂದು ತೆಗ್ಗು ಉಳಿದಿದೆ. ಅದನ್ನು ಮುಚ್ಚಲು ಬಂದವರನ್ನು ಮೊನ್ನೆ ಆಯಿ ಲಟ್ಟಣಿಗೆ ಹಿಡಿದು ಅಟ್ಟಿದಳಂತೆ. ನಾನು ದಿನಾ ಬೇಕೆಂದೇ ಆ ತೆಗ್ಗಿಗೆ ಗಾಲಿ ಇಳಿಸುತ್ತೇನೆ. ಹಿಂದೆ ಕೂತ ಕಾಕಾ ಮತ್ತು ಅಕ್ಕೋರ ತಲೆ ಒಂದಕ್ಕೊಂದು ತಾಗುತ್ತದೆ. ಅಷ್ಟು ಹೊತ್ತು ಮಾತ್ರ ಇಬ್ಬರೂ ಒಂದಾಗಿ ನನ್ನನ್ನು ಬೈಯುತ್ತಾರೆ. ಅತ್ತ ಆಯಿಯ ಕೊನೆಯ ರೊಟ್ಟಿ ಹಂಚಿಗೆ ಬೀಳುತ್ತದೆ.