ಕಂಪ್ಯೂಟರಿಗೂ ಸೋಮವಾರ

ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಒಳ್ಳೆಯ ಪದ್ಧತಿ, ಎತ್ತಿಗೂ ಜೀವವಿದೆ. ಆದರೆ ಬಸವನ ಬಾಗೇವಾಡಿಯ ಒಬ್ಬ ರಕ್ತಪರೀಕ್ಷೆ ಲ್ಯಾಬಿನ ಮಾಲೀಕ ಅದನ್ನು ತನ್ನ ಕಂಪ್ಯೂಟರಿಗೂ ಹಚ್ಚಿದ್ದ. ರವಿವಾರ ಸಂಜೆ ವೈರ್ ಕಿತ್ತು, ವಿಭೂತಿ ಬಳಿದು, ಹೂವಿಟ್ಟರೆ ಮತ್ತೆ ಚಾಲೂ ಆಗುವುದು ಮಂಗಳವಾರವೇ. ಪುಣ್ಯಾತ್ಮ! ಮುಂದೆ ಹುಲ್ಲು ಹಾಕಿರಲಿಲ್ಲ, ಅಷ್ಟೇ.

ಆ ಸೋಮವಾರ ನನ್ನ ತಂಗಿ ವಿಜಯಪುರದ ಆಸ್ಪತ್ರೆಯಲ್ಲಿ ಪಿತ್ತಕೋಶದ ಕಲ್ಲಿನ ಆಪರೇಷನ್ನಿಗೆ ಕಾಯುತ್ತ ಮಲಗಿದ್ದಳು. ಬೆಳಗಿನಿಂದ ಹನಿ ನೀರೂ ಕೊಟ್ಟಿರಲಿಲ್ಲ. ಹಿಂದೆ ಹೆರಿಗೆಯಲ್ಲಿ ರಕ್ತ ನಿಲ್ಲದೆ ಸತ್ತು ಬದುಕಿದವಳು. ಅದಕ್ಕೇ ರಕ್ತ ಹೆಪ್ಪುಗಟ್ಟುವ ಪರೀಕ್ಷೆಯ ರಿಪೋರ್ಟ್ ನೋಡದೆ ಕತ್ತರಿ ಮುಟ್ಟುವುದಿಲ್ಲ ಎಂದು ಡಾಕ್ಟರು ಹಟ ಹಿಡಿದಿದ್ದರು. ಅವಳ ಮನೆ ಬಾಗೇವಾಡಿಯಲ್ಲೇ, ರಕ್ತ ಕೊಟ್ಟದ್ದೂ ಈ ಲ್ಯಾಬಿಗೇ. ರಿಪೋರ್ಟು ಇಲ್ಲಿಂದ ಆಸ್ಪತ್ರೆಗೆ ಮೇಲ್‌ನಲ್ಲಿ ಹೋಗಬೇಕಿತ್ತು. ಹೋಗಿರಲಿಲ್ಲ. ಸಿಂದಗಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ನಾನು ಅಂಗಡಿಯ ಬಾಗಿಲೆಳೆದು ಬೈಕ್ ಹತ್ತಿ ಲ್ಯಾಬಿಗೆ ಬಂದೆ.

“ಕಳಿಸೇನ್ರಿ. ‘ಸೆಂಟ್’ ಅಂತ ಸ್ಕ್ರೀನ್ ಮ್ಯಾಲ ಬಂದಿತ್ತು, ಕಣ್ಣಾರೆ ನೋಡೇನಿ,” ಎಂದ ಮಾಲೀಕ, ಕುರ್ಚಿಯಿಂದ ಏಳದೆ.

ಎಂಥ ಕಣ್ಣು! ಅವನ ಪ್ರೋಗ್ರಾಮು ಮೇಲನ್ನು ತಾನೇ ಒಯ್ದು ಮುಟ್ಟಿಸುವುದಿಲ್ಲ. ಅದೇ ಕಂಪ್ಯೂಟರಿನೊಳಗಿನ ಇನ್ನೊಂದು ಸಣ್ಣ ಪ್ರೋಗ್ರಾಮಿನ ಕೈಗಿಟ್ಟು, ‘ಸೆಂಟ್’ ಎಂದು ತೋರಿಸಿ ಕೈ ತೊಳೆದುಕೊಳ್ಳುತ್ತದೆ. ನೆಟ್ ಇದ್ದರೆ ಆ ಸಣ್ಣದು ಕಳಿಸುತ್ತದೆ, ಇಲ್ಲದಿದ್ದರೆ ಸರದಿಯಲ್ಲಿಟ್ಟು ನೆಟ್ ಬರುವುದನ್ನು ಕಾಯುತ್ತದೆ. ರವಿವಾರ ನೆಟ್ ಹೋಗಿತ್ತು. ಅದು ಬರುವಷ್ಟರಲ್ಲಿ ಇವನು ವೈರ್ ಕಿತ್ತು ವಿಭೂತಿ ಬಳಿದಾಗಿತ್ತು.

“ಚಾಲೂ ಮಾಡ್ರಿ,” ಎಂದೆ.

“ಇವತ್ತ ಸೋಮವಾರ ಐತಲ್ರೀ. ಮುಟ್ಟಂಗಿಲ್ಲ.”

“ಮತ್ತ ರಕ್ತಾ ತಿರಗಸೋ ಮಷೀನು ಗರಗರ ಅನ್ನಾಕತ್ತೈತಿ? ಅದಕ್ಕ ಸೋಮವಾರ ಇಲ್ಲೇನ್ರಿ?”

“ಅದನ್ನ ನಿಲ್ಲಿಸಿದ್ರ ಬಂದ ಗಿರಾಕಿ ಹೊಳ್ಳಿ ಹೋಗ್ತಾರ್ರಿ!”

ಭಕ್ತಿಗೆ ಎಲ್ಲಿ ನಿಲ್ಲಬೇಕೆಂದು ಚೆನ್ನಾಗಿ ಗೊತ್ತಿತ್ತು. ನನಗೆ ಮೈಯೆಲ್ಲ ಉರಿಯಿತು. ಹೂ ಎತ್ತಿ ಅವನ ಮುಂದಿಟ್ಟು ನಾನೇ ವೈರ್ ಚುಚ್ಚಿದೆ. “ಅಪಚಾರ ಆತು!” ಎಂದು ಕೂಗಿದ, ಕೂಗಲಿ. ಸರದಿಯಲ್ಲಿ ಬಿದ್ದಿದ್ದ ಮೇಲುಗಳನ್ನು ಹೊರಗೆ ದೂಡಿದೆ. ಸ್ವಲ್ಪ ಹೊತ್ತಿಗೆ ತಂಗಿಯ ಗಂಡನ ಫೋನು ಬಂತು. ರಿಪೋರ್ಟು ಸಿಕ್ಕಿದೆ, ಆದರೆ ಇವತ್ತಿನ ಹೊತ್ತು ಮೀರಿತು, ಇನ್ನು ನಾಳೆಯೇ ಅಂತೆ.

ಮರುದಿನ ಆಪರೇಷನ್ ಸುಸೂತ್ರವಾಯಿತು. ಅದಾದ ಮೇಲೆ ಮಾಲೀಕ ಬಾಳೆಹಣ್ಣು ಹಿಡಿದು ಆಸ್ಪತ್ರೆಗೆ ಬಂದ. ತಪ್ಪಾಯಿತು ಅನ್ನಲು ಬಂದ ಅಂದುಕೊಂಡೆ, ನನ್ನ ದಡ್ಡತನ. ಮಂಚದ ಬಳಿಯ ಫೈಲಿನಿಂದ ಪ್ರಿಂಟ್ ತೆಗೆದ ಮೇಲನ್ನು ಎಳೆದು ತಾರೀಖಿನ ಮೇಲೆ ಬೆರಳಿಟ್ಟ.

“ನೋಡ್ರಿ, ರವಿವಾರದ ತಾರೀಖೈತಿ. ಕಳಿಸೇನಿ ಅಂತ ಹೇಳಿದ್ನಿಲ್ರಿ?”

ಅಲ್ಲಿರುವುದು ಮೇಲ್ ತಯಾರಾದ ದಿನ, ಮುಟ್ಟಿದ ದಿನವಲ್ಲ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ತಂಗಿಯ ಗಂಡ ಇಣುಕಿ ನೋಡಿ, “ಹೌದಲ್ಲ, ರವಿವಾರನ ಐತಿ. ನೀವು ಸುಮ್‌ಸುಮ್ನ ಜಗಳಾ ತಗದ್ರಿ,” ಎಂದ.

ಹೊಲಿಗೆಯ ನೋವಿಗೆ ಹಲ್ಲು ಕಚ್ಚಿ ಮಲಗಿದ್ದ ತಂಗಿ ಮಾಲೀಕನತ್ತ ತಿರುಗಿದಳು.

“ಸೋಮವಾರ ಹನಿ ನೀರಿಲ್ದ ಸಂಜೀತನಾ ಮಲಗಿದಾಕಿ ನಾನ್ರಿ. ಆ ಬಾಳಿಹಣ್ಣ ಒಯ್ದು ನಿಮ್ಮ ಕಂಪ್ಯೂಟರಿಗೆ ತಿನಸ್ರಿ.”