ಸಿಂಹಪಾದದ ಪೀಠ

ಮಾಲೂರು ಸೀಮೆಯ ನಮ್ಮೂರಿನಲ್ಲಿ ಅಪ್ಪ ಕಂಚಿನ ದೇವರುಗಳನ್ನು ಎರಕ ಹೊಯ್ಯುತ್ತಿದ್ದ. ಮನುಷ್ಯರಿಗೆಂದು ಅವನು ಜೀವಮಾನದಲ್ಲಿ ಮಾಡಿದ್ದು ಒಂದೇ ವಸ್ತು, ಅಮ್ಮ ಕೂರುವ ಪೀಠ. ಎಪ್ಪತ್ತರ ದಶಕದ ಕೊನೆಗೆ ಅಮ್ಮನ ಮಂಡಿಗಳು ಕೈಕೊಟ್ಟಿದ್ದವು. ನೆಲಕ್ಕೆ ಕೂತರೆ ಇಬ್ಬರು ಹಿಡಿದು ಎಬ್ಬಿಸಬೇಕಿತ್ತು. ಅಪ್ಪ ಮೊಣಕಾಲೆತ್ತರದ ಕಂಚಿನ ಪೀಠ ಮಾಡಿದ. ನಾಲ್ಕು ಕಾಲಿಗೂ ಸಿಂಹದ ಪಾದ, ಕೂರುವ ಜಾಗದ ಸುತ್ತ ತಾವರೆಯ ಎಸಳು.

"ದೇವರ ಪೀಠದ್ ಮೇಲೆ ಹೆಂಡ್ತೀನ ಕೂರಿಸ್ತೀಯೇನ್ಲಾ? ನಾಳೆ ಮಂಗಳಾರತೀನೂ ಎತ್ತು" ಎಂದು ಸೋದರತ್ತೆ ಆಡಿಕೊಂಡಳು. ಅಮ್ಮ ನಾಚಿಕೊಂಡೇ ಕೂತಳು. ಆಮೇಲೆ ಒಲೆ ಮುಂದೆ, ಜಗಲಿಯಲ್ಲಿ, ಅವಳು ಹೇಳಿದಲ್ಲೆಲ್ಲ ಒಬ್ಬಳೇ ಮಗಳಾದ ನಾನು ಅದನ್ನು ಎತ್ತಿ ಇಡುತ್ತಿದ್ದೆ. ತಾನೇ ಕೂತು ತಾನೇ ಏಳುವುದು ಅವಳಿಗೆ ದೊಡ್ಡ ಸಂಭ್ರಮ.

ಮರುವರ್ಷ ಮುಳಬಾಗಿಲಿನ ಕಡೆಯ ಹಳ್ಳಿಯೊಂದರಿಂದ ದೇವಿಯ ವಿಗ್ರಹಕ್ಕೆ ಹೇಳಿದ್ದರು. ಮೊದಲು ಮೇಣದ ಗೊಂಬೆ ಮಾಡಿ, ಅದರ ತೂಕ ನೋಡಿ ಕಂಚು ಒದಗಿಸಿಕೊಳ್ಳುವುದು ನಮ್ಮ ಪದ್ಧತಿ. ಗೊಂಬೆಗೆ ಮಣ್ಣು ಮೆತ್ತಿ ಕಾಯಿಸಿದರೆ ಮೇಣ ಕರಗಿ ಹೊರಬರುತ್ತದೆ, ಆ ಜಾಗಕ್ಕೆ ಕಂಚು ಇಳಿಯುತ್ತದೆ. ತೂಗಿದ ಮೇಲೆ ಅಪ್ಪ ಕೈ ಸುಮ್ಮನಿರದೆ ದೇವಿಯ ಹಿಂದೆ ಪ್ರಭಾವಳಿ ಸೇರಿಸಿದ್ದ. ಅದನ್ನು ತೂಗಲು ಮರೆತಿದ್ದ.

ಎರಕದ ದಿನ ಕರಗಿದ ಮೇಣ ಲೆಕ್ಕ ಮೀರಿ, ಪಾತ್ರೆ ತುಂಬಿ ಚೆಲ್ಲಿದಾಗ ಅವನ ಮುಖ ಕಪ್ಪಿಟ್ಟಿತು. ಕಂಚು ಸಾಲದು. ಅಚ್ಚು ಆರಿದರೆ ಬಿರುಕು ಬಿಡುತ್ತದೆ, ಮಾಲೂರಿಗೆ ಹೋಗಿ ಬರುವಷ್ಟು ಹೊತ್ತಿಲ್ಲ. ಅಡುಗೆಮನೆ ಬಾಗಿಲಲ್ಲಿ ನಿಂತು ಪೀಠವನ್ನೇ ನೋಡಿದ. ಆ ನೋಟವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಅದರ ಮೇಲೆ ಕೂತಿದ್ದ ಅಮ್ಮ ಗೋಡೆ ಹಿಡಿದು ಎದ್ದಳು. "ತಗೊಂಡ್ಹೋಗ್ರೀ. ದೇವಿ ಅರ್ಧಂಬರ್ಧ ಆದ್ರೆ ಮನೆಗೆ ಒಳ್ಳೇದಲ್ಲ."

"ಮುಂದಿನ ಎರಕದಲ್ಲಿ ಇನ್ನೊಂದು ಮಾಡ್ಕೊಡ್ತೀನಿ ಕಣೇ" ಎಂದ ಅಪ್ಪ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇಲ್ಲಿ ಕುಂಬಾರನೂ ಅವನೇ, ದೊಣ್ಣೆಯೂ ಅವನದೇ. ಸಿಂಹದ ಪಾದಗಳು ಒಂದೊಂದಾಗಿ ಮುರಿದು ಕಂಚು ಕರಗಿಸುವ ಮೂಸೆಗೆ ಬಿದ್ದವು.

ಮುಂದಿನ ಎರಕ ಶ್ರೀನಿವಾಸಪುರದ ಗಣಪತಿಯದು. ಅದರ ಮುಂದಿನದು ನಂಗಲಿಯ ನಂದಿಯದು. ದೇವರುಗಳ ಸಾಲು ಮುಗಿಯಲೇ ಇಲ್ಲ. ಅಮ್ಮ ನಾಲ್ಕು ವರ್ಷ ನೆಲದ ಮೇಲೆ ತೆವಳಿದಳು. ಪೀಠದ ಮಾತನ್ನು ಒಂದು ದಿನವೂ ಎತ್ತಲಿಲ್ಲ. ಕೊನೆಗೆ ಮಲಗಿದಲ್ಲೇ ಮೈಯೆಲ್ಲ ಹುಣ್ಣಾಗಿ ಸತ್ತಳು.

ತಿಥಿ ಮುಗಿಸಿ ನಾನೊಬ್ಬಳೇ ಬಸ್ಸು ಹಿಡಿದು ಮುಳಬಾಗಿಲಿನ ಕಡೆಯ ಆ ದೇವಿಯ ಗುಡಿಗೆ ಹೋದೆ. ದೇವಿ ಒಂದು ಕಾಲು ಮಡಿಸಿ, ಇನ್ನೊಂದನ್ನು ಇಳಿಬಿಟ್ಟು, ನಿಶ್ಚಿಂತೆಯಿಂದ ಕೂತಿದ್ದಳು. ಅರ್ಚಕರು ಮಂಗಳಾರತಿ ತಂದರು. ನನಗೆ ಕೈ ಮುಗಿಯಲಾಗಲಿಲ್ಲ.

"ಚೆನ್ನಾಗಿ ಕೂತ್ಕೋ ತಾಯಿ" ಎಂದೆ. "ಅದು ನಮ್ಮಮ್ಮ ಎದ್ದು ಕೊಟ್ಟ ಜಾಗ."