ಇಂಜಿನ್ನಿನ ಜ್ವರ ನೋಡುವ ಸಫೂರಾ

ಬಿಸಿಲಿನ್ನೂ ಮಸೀದಿಯ ಗೋಡೆಯಿಂದ ಕೆಳಗಿಳಿದಿಲ್ಲ. ತಮಾಲೆ ಪಟ್ಟಣದ ಹಳೇ ಬೈಕುಗಳ ಬಯಲಿನಲ್ಲಿ ಸಫೂರಾ ಮಾರಾಟಕ್ಕೆ ನಿಂತ ಬೈಕೊಂದರ ಇಂಜಿನ್ನಿಗೆ ಅಂಗೈಯ ಹಿಂಬದಿ ತಾಗಿಸುತ್ತಾರೆ, ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ. ಮಾರಲು ಬಂದವನು ಸುಮ್ಮನೆ ಕೆಮ್ಮುತ್ತಾನೆ.

“ಬಿಸಿ ಇದೆಯಲ್ಲಪ್ಪಾ! ಬೆಳಗಾಗೋಕೆ ಮುಂಚೆ ಯಾರ್ ಮನೆ ಸುತ್ತಿ ಬಂತು ಇದು?”

“ಹಂಗೇನಿಲ್ಲ ಅಮ್ಮಾ. ಮನೆಯಿಂದ ಓಡಿಸ್ಕೊಂಡು ಬಂದೆ.”

“ನಿನ್ ಮನೆ ಆ ಬೇವಿನ ಮರದ ಹಿಂದೆ ತಾನೆ? ಅಷ್ಟು ದೂರಕ್ಕೆ ಇಷ್ಟು ಜ್ವರ ಬರಲ್ಲ ಮಗಾ. ಆರ್ಲಿ ಬಿಡು, ನಂಗೇನು ಅವಸರ ಇಲ್ಲ.”

ಬೈಕು ಕೊಳ್ಳಲು ಬಂದವನನ್ನು ಕರೆದುಕೊಂಡು ಸಫೂರಾ ಗಂಜಿ ಕುಡಿಯಲು ಹೊರಟೇಬಿಡುತ್ತಾರೆ. ಇದು ಅವರ ಮೊದಲ ಪಾಠ. ರೋಗದ ಇಂಜಿನ್ನನ್ನು ಮೊದಲೇ ಕಾಯಿಸಿ ತಂದರೆ ಒಂದೇ ಒದೆತಕ್ಕೆ ಹೊತ್ತಿಕೊಳ್ಳುತ್ತದೆ, ಒಳಗಿನ ಸದ್ದನ್ನೂ ನುಂಗಿಕೊಳ್ಳುತ್ತದೆ. “ತಣ್ಣಗಿದ್ದಾಗ ಇಂಜಿನ್‌ಗೆ ಸುಳ್ಳು ಹೇಳೋಕೆ ಬರಲ್ಲ. ಅದಕ್ಕೇ ನಾನು ಸಾಯಂಕಾಲದ ವ್ಯಾಪಾರಕ್ಕೆ ಯಾರ ಜೊತೆಗೂ ಹೋಗಲ್ಲ,” ಎನ್ನುತ್ತಾರೆ.

ಗಂಡಸರು, ಹೆಂಗಸರು, ಇಮಾಮರು, ಮೇಷ್ಟ್ರುಗಳು ಎಲ್ಲರೂ ಬೈಕಿನ ಮೇಲೇ ಓಡಾಡುವ ಊರಿದು. ಬೈಕು ಕೊಳ್ಳುವ ಮುಂಚೆ ಸಫೂರಾ ಮುಟ್ಟಿ ನೋಡಲಿ ಎಂದು ಕಾಯುವವರಿದ್ದಾರೆ. ದಿನಕ್ಕೆ ಐದಾರು ಬೈಕುಗಳಿಗೆ ಅವರ ಕೈ ತಾಗುತ್ತದೆ. ಅರ್ಧಕ್ಕರ್ಧ ಬೇಡವೆನಿಸಿಕೊಳ್ಳುತ್ತವೆ. ಕೊಳ್ಳುವವರು ಕೊಟ್ಟಷ್ಟು ತೆಗೆದುಕೊಳ್ಳುತ್ತಾರೆ, ಮಾರುವವರಿಂದ ಮಾತ್ರ ಒಂದು ಪೆಸೆವಾ ಕಾಸು ಕೂಡ ಮುಟ್ಟುವುದಿಲ್ಲ. ಇಷ್ಟಾದರೂ ಬಯಲಿನಲ್ಲಿ ಎಲ್ಲೂ ಅವರ ಹೆಸರಿನ ಫಲಕವಿಲ್ಲ. ಅವರ ಹೆಸರಿಗಿರುವುದು ಅಲಸಂದೆ ವಡೆಯ ಒಲೆಯೊಂದೇ.

ಆ ಒಲೆಯೇ ಅವರ ಶಾಲೆ. ಗಂಡ ಇದ್ರಿಸು ಮೆಕ್ಯಾನಿಕ್. ಅವರ ಅಂಗಡಿಯ ಪಕ್ಕದಲ್ಲೇ ಸಫೂರಾ ವಡೆ ಕರಿಯುತ್ತಿದ್ದರು. ಸೈಲೆನ್ಸರ್ ಬಿಚ್ಚಿದ ಬೈಕುಗಳ ನಡುವೆ ವರ್ಷಗಟ್ಟಲೆ ಕೂತ ಇದ್ರಿಸುಗೆ ಕಿವಿ ಮಂದವಾಯಿತು. ಮೆಕ್ಯಾನಿಕ್ಕಿಗೆ ಕಿವಿ ಹೋದರೆ ಅಡುಗೆಯವನಿಗೆ ನಾಲಿಗೆ ಹೋದಂತೆಯೇ. ಗಿರಾಕಿಗಳಿಗೆ ತಿಳಿಯಬಾರದೆಂದು, ಏನೋ ಸಾಮಾನು ಕೇಳುವ ನೆಪದಲ್ಲಿ ಹೆಂಡತಿಯನ್ನು ಕರೆದು ಪಿಸುಗುಟ್ಟುತ್ತಿದ್ದರು: “ಟಿಕಿಟಿಕಿ ಅಂತಿದ್ಯಾ, ಟಕಟಕ ಅಂತಿದ್ಯಾ?”

“ಟಿಕಿಟಿಕಿ ಅಂದ್ರೆ ಮೇಲಿನ ವಾಲ್ವು, ಸಣ್ಣ ಕೆಲಸ. ಟಕಟಕ ಅಂದ್ರೆ ಕೆಳಗಿನ ಬೇರಿಂಗು, ಮನೆಮಠ ಮಾರೋ ಕೆಲಸ,” ಎಂದು ಸಫೂರಾ ನಗುತ್ತಾರೆ. “ವಡೆ ಸೀದು ಹೋಯ್ತು ಅಂತ ಬೈಸ್ಕೊಂಡಿದ್ದು ನಾನು. ಒಳ್ಳೇ ಮೆಕ್ಯಾನಿಕ್ಕು ಅಂತ ಹೆಸರು ತಗೊಂಡಿದ್ದು ಇವ್ರು!” ಇದ್ರಿಸು ಈಗ ಕೆಲಸ ಬಿಟ್ಟಿದ್ದಾರೆ, ಪಕ್ಕದ ಬೆಂಚಿನ ಮೇಲೆ ಕೂತು ಹೆಂಡತಿ ಏನು ಹೇಳಿದರೂ ತಲೆಯಾಡಿಸುತ್ತಾರೆ.

ಬಿಡಿಭಾಗದ ಅಂಗಡಿಗೂ ಸಫೂರಾರನ್ನು ಕರೆದೊಯ್ಯುವವರು ಬಹಳ. ಅಲ್ಲಿ ಅವರ ನಾಲಿಗೆ ಇನ್ನೂ ಹರಿತ. ಹೊಳೆಯುವ ಡಬ್ಬಿಗೆ ಮರುಳಾದವರಿಗೆ, “ಡಬ್ಬೀನ ಬೈಕಿಗೆ ಹಾಕ್ತೀಯಾ? ಬಿಚ್ಚು, ಒಳಗಿಂದು ತೋರ್ಸು,” ಎನ್ನುತ್ತಾರೆ. ಬೇರಿಂಗನ್ನು ಬೆರಳಿಗೆ ಸಿಕ್ಕಿಸಿ ತಿರುಗಿಸುತ್ತಾರೆ. ಮರಳು ಜಗಿದ ಹಾಗೆ ತಾಗಿದರೆ ಸಾಕು, ವಾಪಸ್. ಚೈನೊಂದನ್ನೇ ಕೇಳುವವರನ್ನಂತೂ ಹೊರಡಲು ಬಿಡುವುದಿಲ್ಲ: “ಎರಡೂ ಹಲ್ಲುಚಕ್ರ ಜೊತೇಲೇ ತಗೋ. ಸವೆದ ಹಲ್ಲು ಹೊಸ ಚೈನನ್ನೂ ತಿಂದು ಹಾಕತ್ತೆ. ಇವತ್ತು ಉಳಿಸಿದ್ದು ಮುಂದಿನ ಮಳೆಗಾಲಕ್ಕೆ ನಿನ್ ಕೈಲೇ ಬೈಕು ತಳ್ಳಿಸತ್ತೆ.”

ಇಂಥ ಸಫೂರಾ ಕಳೆದ ತಿಂಗಳು ತಮ್ಮ ನೆಂಟಸ್ತಿಕೆಯನ್ನೇ ಪಣಕ್ಕಿಡಬೇಕಾಯಿತು.

ವುಂಪಿನಿ ಎಂಬ ಹುಡುಗಿ ಹಳ್ಳಿಯೊಂದರ ಆರೋಗ್ಯ ಕೇಂದ್ರದಲ್ಲಿ ಹೆರಿಗೆ ಮಾಡಿಸುವ ನರ್ಸು. ಗುಂಡಿ ಬಿದ್ದ ಕೆಂಪು ಮಣ್ಣಿನ ದಾರಿಯಲ್ಲಿ ಹೊತ್ತುಗೊತ್ತಿಲ್ಲದೆ ಓಡಬೇಕಾದವಳು. ಗಂಡನ ದೊಡ್ಡಪ್ಪ ದಾವುನಿ ತನ್ನ ಬೈಕನ್ನೇ ಅವಳಿಗೆ ಮಾರುವೆನೆಂದ. ಗಂಡನ ಮನೆಯ ಹಿರಿಯರು ಮಾರುವ ವಸ್ತುವನ್ನು ಸೊಸೆ ತಿರುಗಿಸಿ ಮುರುಗಿಸಿ ನೋಡುವುದು ಈ ಕಡೆ ಇಲ್ಲ. ‘ಸರಿಯಿದೆಯಾ’ ಎಂದು ಕೇಳಿದರೆ ‘ನೀವು ಕಳ್ಳರು’ ಎಂದ ಹಾಗೆ. ಕಣ್ಣು ಮುಚ್ಚಿ ಕೊಂಡು, ಆಮೇಲೆ ಬಾಯಿ ಮುಚ್ಚಿ ತಳ್ಳಿಕೊಂಡು ಹೋಗುವ ಸೊಸೆಯರು ತಮಾಲೆಯಲ್ಲಿ ಬೇಕಾದಷ್ಟಿದ್ದಾರೆ. ಜಾಣೆ ವುಂಪಿನಿ ಸಫೂರಾರನ್ನು ಬೆನ್ನಿಗೆ ಕರೆತಂದಳು. ಯಾಕೆಂದರೆ ದಾವುನಿ ಸಫೂರಾರ ಸೋದರಮಾವನ ಮಗ. ಈ ನೆಂಟಸ್ತಿಕೆಯಲ್ಲಿ ಒಬ್ಬರನ್ನೊಬ್ಬರು ಏನು ಬೇಕಾದರೂ ಬೈಯಬಹುದು. ಬೈಯದಿದ್ದರೇ ತಪ್ಪು.

“ಬಂದಳಪ್ಪ ಅಲಸಂದೆಕಳ್ಳಿ!” ಎಂದು ದಾವುನಿ ಬಯಲಿನ ಆಚೆ ತುದಿಯಿಂದಲೇ ಕೂಗಿದ. “ನಮ್ಮಪ್ಪನ ಹೊಲದಲ್ಲಿ ಕದ್ದು ಕದ್ದೇ ವಡೆ ವ್ಯಾಪಾರಕ್ಕೆ ಬಂದೋಳು!”

“ಲೋ ಬೋಳ, ನಿನ್ ತಲೆ ಮೇಲೆ ಒಂದು ಕೂದ್ಲು ಉಳೀಲಿಲ್ಲ, ಈ ಬೈಕ್ ಮೇಲೆ ಬಣ್ಣ ಹೆಂಗೋ ಉಳೀತು?”

ಸುತ್ತ ನಿಂತವರು ನಕ್ಕರು. ಇಂಜಿನ್ನು ತಣ್ಣಗೇ ಇತ್ತು, ಒದೆದ ಕೂಡಲೇ ಶುದ್ಧವಾಗಿ ಓಡಿತು. ಇಂಜಿನ್ ಚಿನ್ನ ಎಂದು ಸಫೂರಾ ಧಾರಾಳವಾಗಿ ಒಪ್ಪಿಕೊಂಡರು. ಆಮೇಲೆ ನೆಲದ ಮೇಲೆ ಬಕೆಟ್ ನೀರು ಚೆಲ್ಲಿ, ಅದರ ಮೇಲೆ ಬೈಕನ್ನು ನೆಟ್ಟಗೆ ಓಡಿಸಲು ಹೇಳಿದರು. ಎರಡು ಚಕ್ರಗಳ ಒದ್ದೆ ಗೆರೆ ಒಂದರ ಮೇಲೊಂದು ಬೀಳಬೇಕು. ಇಲ್ಲಿ ಬೆರಳಗಲ ಆಚೀಚೆ ಬಿದ್ದವು. ಚೈನ್ ಬಿಗಿ ಮಾಡುವಾಗ ಹಿಂದಿನ ಚಕ್ರ ಓರೆಯಾಗಿರಬೇಕು ಎಂದ ದಾವುನಿ. ಹಾಗೂ ಆಗುವುದುಂಟು. ಸಫೂರಾ ಬಗ್ಗಿ ನೋಡಿದರು, ಹಿಂದಿನ ಚಕ್ರ ಸರಿಯಾಗಿಯೇ ಕೂತಿತ್ತು. ಹಾಗಾದರೆ ಓರೆಯಾಗಿರುವುದು ಚೌಕಟ್ಟೇ.

ಸೆರಗಿನ ಗಂಟಿನಿಂದ ಹಳೇ ರೇಡಿಯೊದ ಅಯಸ್ಕಾಂತ ಹೊರಬಂತು. ಹ್ಯಾಂಡಲ್ಲಿನ ಕೆಳಗೆ, ಬೈಕಿನ ಕುತ್ತಿಗೆ ಎನ್ನುವ ಜಾಗಕ್ಕೆ ಇಟ್ಟರೆ ಅದು ಹಿಡಿಯಲೇ ಇಲ್ಲ, ಜಾರಿ ಮಣ್ಣಿಗೆ ಬಿತ್ತು. ಬಣ್ಣದ ಅಡಿಯಲ್ಲಿ ಕಬ್ಬಿಣವಿಲ್ಲ, ತೂತು ಮುಚ್ಚಲು ಬಳಿಯುವ ದಪ್ಪನೆಯ ಲಪ್ಪ.

“ಲೋ ಕಳ್ಳ! ಮುರಿದ ಕುತ್ತಿಗೆಗೆ ಲಪ್ಪ ಮೆತ್ತಿ ಸೊಸೆಗೆ ಮಾರ್ತೀಯೇನೋ?”

ಜನ ಹೋ ಎಂದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ದಾವುನಿ. “ಕಳ್ಳನೇ ಕಣೇ! ಇಲ್ದಿದ್ರೆ ನಿನ್ನಂಥ ಕಳ್ಳಿಗೆ ನೆಂಟ ಆಗ್ತಿದ್ನಾ?” ವುಂಪಿನಿಯೂ ಹಗುರಾಗಿ ನಕ್ಕು ಬೀಗದ ಕೈಗೆ ಕೈಚಾಚಿದಳು. ಸೋದರಮಾವನ ಮಗನಿಗೆ ಆಡಿದ ಬೈಗುಳವನ್ನು ನಿಜವೆಂದು ಯಾರು ತಿಳಿಯುತ್ತಾರೆ? ಹುಟ್ಟಿನಿಂದ ಬಂದ ಬೈಯುವ ಹಕ್ಕೇ ಅವತ್ತು ಸಫೂರಾರ ಬಾಯಿ ಕಟ್ಟಿಹಾಕಿತು.

ಆಗ ಅವರು ಯಾವ ಸೋದರತ್ತೆಯ ಮಗಳೂ ಮಾಡದ ಕೆಲಸ ಮಾಡಿದರು. ದಾವುನಿಯ ಎದುರು, ಊರಿನ ಯಜಮಾನನ ಎದುರು ಕೂರುವ ಹಾಗೆ, ಕುಕ್ಕರಗಾಲಲ್ಲಿ ತಲೆ ತಗ್ಗಿಸಿ ಕೂತರು. ನಗು ನಿಂತುಹೋಯಿತು.

“ಏಳೇ… ಏನೇ ಇದು? ಜನ ನೋಡ್ತಿದ್ದಾರೆ,” ಎಂದ ದಾವುನಿ.

“ನೋಡ್ಲಿ. ಇದು ತಮಾಷೆ ಅಲ್ಲ ದಾವುನಿ. ಆ ಬಣ್ಣ ಕೆರೆಯೋಕೆ ಅಪ್ಪಣೆ ಕೊಡು. ಕೆಳಗೆ ಒಳ್ಳೇ ಕಬ್ಬಿಣ ಇದ್ರೆ ಈ ಬಯಲಲ್ಲಿ ಇನ್ನು ಯಾವ ಬೈಕನ್ನೂ ಮುಟ್ಟಲ್ಲ. ಈ ಹುಡುಗಿ ಗುಂಡಿ ದಾರೀಲಿ ಓಡಾಡೋಳು. ಕುತ್ತಿಗೆ ಮುರಿದ್ರೆ ಬೈಕಿಂದು ಒಂದೇ ಅಲ್ಲ ಮುರಿಯೋದು.”

ದಾವುನಿ ತಾನೇ ಚಾಕು ತೆಗೆದುಕೊಂಡು ಕೆರೆದ. ಲಪ್ಪ ಚಕ್ಕೆಚಕ್ಕೆಯಾಗಿ ಉದುರಿತು. ಅಡಿಯಲ್ಲಿ ಒರಟು ವೆಲ್ಡಿಂಗು, ಅದರ ನಡುವೆ ತುಕ್ಕು ಹಿಡಿದ ಬಿರುಕು. ಅವನ ಮುಖ ಬೂದಿಯಾಯಿತು. ಅವನೂ ಇದನ್ನು ತಿಳಿಯದೆ ಹೀಗೇ ಕೊಂಡಿದ್ದ. ಇದರ ಮೇಲೆಯೇ ದಿನಾ ಮೊಮ್ಮಗಳನ್ನು ಕೂರಿಸಿಕೊಂಡು ಸುತ್ತಿದ್ದ. ಬೈಕನ್ನು ಮನೆಯವರೆಗೆ ತಳ್ಳಿಕೊಂಡೇ ಹೋದ.

ವುಂಪಿನಿಗೆ ಸಫೂರಾ ಬೇರೊಂದು ಬೈಕು ಹುಡುಕಿಕೊಟ್ಟರು. ನೋಡಲು ಕುರೂಪಿ, ಆದರೆ ಕುತ್ತಿಗೆ ಗಟ್ಟಿ. ಅದು ಈಗ ಹಳ್ಳಿಯ ದಾರಿಯಲ್ಲಿ ಸೊಗಸಾಗಿ ಓಡುತ್ತಿದೆ. ದಾವುನಿ ಮಾತ್ರ ಬದಲಾದ. ಒಲೆಯ ಮುಂದೆ ಹಾದುಹೋಗುವಾಗ ತಲೆ ಬಾಗಿಸಿ, ಮರ್ಯಾದೆಯಿಂದ ಕ್ಷೇಮ ವಿಚಾರಿಸತೊಡಗಿದ. “ಆ ಮರ್ಯಾದೆ ನೋಡಿದ್ರೆ ನಾನ್ಯಾರೋ ಹೊರಗಿನೋಳು ಅನ್ನಿಸತ್ತೆ,” ಎನ್ನುವಾಗ ಸಫೂರಾರ ಧ್ವನಿ ಇಳಿಯುತ್ತದೆ. ಪಶ್ಚಾತ್ತಾಪವಿದೆಯೇ ಎಂದರೆ ತಲೆ ಥಟ್ಟನೆ ಮೇಲೇಳುತ್ತದೆ. “ಯಾಕೆ? ನಾಳೆ ಇನ್ನೊಂದು ಅಂಥ ಬೈಕ್ ತಂದ್ರೆ ನಾಳೆನೂ ಕೂತ್ಕೊಳ್ತೀನಿ. ಅವನು ಬಂದು ಒಂದ್ಸಲ ಬಾಯ್ತುಂಬ ಬೈದ್ರೆ ಸಾಕು, ನಂಗಿನ್ನೇನೂ ಬೇಡ.”

ಶುಕ್ರವಾರದ ನಮಾಜು ಮುಗಿದಿದೆ. ವಡೆಗೆ ಜನ ಮುತ್ತಿದ್ದಾರೆ. ಗುಂಪಿನ ಹಿಂದೆ ದಾವುನಿ ನಿಂತಿದ್ದಾನೆ. ಪಕ್ಕದಲ್ಲಿ ಇಂಜಿನ್ನಿಲ್ಲದ ಬೈಕೊಂದರ ಬರೀ ಚೌಕಟ್ಟು ಹೊತ್ತ ವ್ಯಾಪಾರಿ. ದಾವುನಿ ಗಂಟಲು ಸರಿಮಾಡಿಕೊಳ್ಳುತ್ತಾನೆ, ಎರಡು ಸಲ.

“ಏ ಗೂಬೆ! ಎಣ್ಣೆ ಹೊಗೆಗೆ ಕಣ್ಣು ಹೋಗಿಲ್ಲ ಅಂದ್ರೆ ಬಾ ಇಲ್ಲಿ. ನನ್ ಇಂಜಿನ್‌ಗೆ ಈ ಚೌಕಟ್ಟು ತಗೋಬೇಕು ಅಂತಿದ್ದೀನಿ. ಕುತ್ತಿಗೆ ಮುಟ್ಟಿ ನೋಡು.”

ಸಫೂರಾ ಜಾಲರಿ ಸೌಟನ್ನು ಹಾಗೇ ಹಿಡಿದುಕೊಂಡು ಎದ್ದು ನಿಲ್ಲುತ್ತಾರೆ. ಕಣ್ಣು ತುಂಬಿದ್ದನ್ನು ಮುಚ್ಚಿಡುವ ಗೊಡವೆಗೆ ಹೋಗದೆ, ವಡೆಗೆ ಕಾದು ನಿಂತವರತ್ತ ತಿರುಗುತ್ತಾರೆ.

“ಕೇಳಿದ್ರೇನ್ರೋ? ನನ್ನ ಗೂಬೆ ಅಂದ!”